ಕೂದಲಮ್ಮನ ಜೊತೆ ಪಾಲಾರಿನ ತನಕ

ನಮ್ಮ ಹಿಟ್ಟಿನ ಮಿಲ್ಲು ಇರುವುದು ಊರಿಗೆ ಕಾಲಿಡುವ ಜಾಗದಲ್ಲೇ. ಕುಂತೂರಿನ ಫ್ಯಾಕ್ಟರಿಗೆ ಕಬ್ಬು ಹೊತ್ತ ಟ್ರ್ಯಾಕ್ಟರ್‌ಗಳು ತಿರುಗುವ ರಸ್ತೆ, ರಸ್ತೆಯ ಕಡೆಗೆ ಬಾಗಿದ ಒಂದು ಹುಣಸೆ ಮರ, ಮರದ ಪಕ್ಕದಲ್ಲಿ ಮಿಲ್ಲು. ಮದುವೆಯಾಗಿ ಯಳಂದೂರಿನಿಂದ ಇಲ್ಲಿಗೆ ಬಂದ ಮೇಲೆ ನನ್ನ ಹಗಲುಗಳೆಲ್ಲ ಕಳೆದದ್ದು ಅಲ್ಲೇ. ನಮ್ಮ ಮನೆಯವರು ಫ್ಯಾಕ್ಟರಿಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ನಾನೂ ನಮ್ಮತ್ತೆಯೂ ಮಿಲ್ಲು ನೋಡಿಕೊಳ್ಳುತ್ತಿದ್ದೆವು. ಊರಿಗೆ ಯಾರೇ ಹೊಸಬರು ಬಂದರೂ ಮೊದಲು ನಮ್ಮ ಕಣ್ಣಿಗೆ ಬೀಳುತ್ತಿದ್ದರು. ಬಿಸಿಲಿಗೆ ಬಂದವರು ನಮ್ಮ ಜಗಲಿಯಲ್ಲೇ ಕೂತು ನೀರು ಕೇಳುತ್ತಿದ್ದರು.

ಕಬ್ಬು ಕಡಿಯುವ ಕಾಲ ಶುರುವಾಗುವ ಹೊತ್ತಿಗೆ ಉತ್ತರದ ಕಡೆಯ ಕಮ್ಮಾರರು, ಗಂಡ ಹೆಂಡತಿ, ಒಂದು ಹಳೆಯ ಟೆಂಪೋದಲ್ಲಿ ಬಂದು ಹುಣಸೆ ಮರದ ಕೆಳಗೆ ಕುಲುಮೆ ಹೂಡುತ್ತಿದ್ದರು. ಗಂಡ ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಕೂತಿದ್ದರೆ, ಹೆಂಡತಿ ನಿಂತುಕೊಂಡು ಎರಡು ಕೈಯಲ್ಲೂ ದೊಡ್ಡ ಸುತ್ತಿಗೆ ಎತ್ತಿ ಬಡಿಯುತ್ತಿದ್ದಳು. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯೊಂದು ನಮ್ಮ ಕಣ್ಣೆದುರೇ ಕಬ್ಬು ಕಡಿಯುವ ಮಚ್ಚಾಗುತ್ತಿತ್ತು. ರುಬ್ಬುವ ಕಲ್ಲಿಗೆ ಉಳಿ ಹೊಡೆದು ಒರಟು ಮಾಡಿಕೊಡುವವನೊಬ್ಬ ಬರುತ್ತಿದ್ದ. ಮನೆಮನೆಗೆ ಮಿಕ್ಸಿ ಬಂದ ಮೇಲೆ ಅವನೂ ಮಿಕ್ಸಿಯ ಬ್ಲೇಡಿಗೆ ಸಾಣೆ ಹಿಡಿಯುವುದನ್ನು ಕಲಿತುಕೊಂಡ. ಸೈಕಲ್ಲಿನ ಹಿಂದೆ ಡಬ್ಬಿ ಕಟ್ಟಿಕೊಂಡು ಗ್ಯಾಸ್ ಒಲೆ ರಿಪೇರಿಯವನು, ಮೊಪೆಡ್ ಮೇಲೆ ಕುರ್ಚಿ ಗುಡ್ಡೆ ಹಾಕಿಕೊಂಡು ಪ್ಲಾಸ್ಟಿಕ್ ಸಾಮಾನಿನವನು. ಇವರೆಲ್ಲರ ಊರು ಯಾವುದು, ಮಕ್ಕಳೆಷ್ಟು ಎಂದು ನಮ್ಮತ್ತೆ ಮೊದಲ ಸಲವೇ ಕೇಳಿ ತಿಳಿದುಕೊಳ್ಳುತ್ತಿದ್ದರು.

ಅವರಲ್ಲಿ ನಮ್ಮತ್ತೆಗೆ ತೀರಾ ಬೇಕಾದವಳು ಕೂದಲು ಕೊಳ್ಳುವ ಹೆಂಗಸು. ಊರೆಲ್ಲ ಅವಳನ್ನು ಕೂದಲಮ್ಮ ಅನ್ನುತ್ತಿತ್ತು. ನಮ್ಮ ಕಡೆ ಹೆಂಗಸರು ತಲೆ ಬಾಚಿದಾಗ ಉದುರಿದ ಕೂದಲನ್ನು ಬಿಸಾಡುವುದಿಲ್ಲ. ಉಂಡೆ ಸುತ್ತಿ ಸೂರಿನ ಸಂದಿಗೆ ಸಿಕ್ಕಿಸುತ್ತಾರೆ, ಇಲ್ಲವೇ ಪ್ಲಾಸ್ಟಿಕ್ ಕವರಿಗೆ ತುಂಬಿ ಬಚ್ಚಲಿನ ಮೊಳೆಗೆ ನೇತು ಹಾಕುತ್ತಾರೆ. ಕೂದಲಮ್ಮ ಅದನ್ನು ತಗೊಂಡು ಪಿನ್ನು, ಬಾಚಣಿಗೆ, ಸೂಜಿ, ರಬ್ಬರ್ ಬ್ಯಾಂಡು ಕೊಡುತ್ತಿದ್ದಳು. ಕೂದಲು ಜಾಸ್ತಿಯಿದ್ದರೆ ಒಂದು ಸ್ಟೀಲ್ ಬಟ್ಟಲು. ಅವಳದು ಗಡಿಯ ಪಾಲಾರು ಹೊಳೆಯ ಆಚೆ, ತಮಿಳುನಾಡಿಗೆ ಸೇರಿದ ಒಂದು ಬೀದಿ. ಬಸ್ಸಿನಲ್ಲಿ ಬೆಟ್ಟ ಹತ್ತಿ ಇಳಿದು ಹನೂರು, ಕೊಳ್ಳೇಗಾಲ, ನಮ್ಮೂರು, ಯಳಂದೂರಿನ ತನಕ ಅವಳ ತಿರುಗಾಟ. ವಯಸ್ಸು ಅರವತ್ತರ ಮೇಲಿತ್ತು. ಕನ್ನಡದ ನಡುವೆ ಅವಳ ಮನೆಮಾತು ನುಗ್ಗಿ ಬರುತ್ತಿತ್ತು.

ಅವಳಿಗೆ ಒಂದು ಕಸುಬೂ ಗೊತ್ತಿತ್ತು, ಚವುರಿ ಕಟ್ಟುವುದು. ಸಿಕ್ಕುಗಟ್ಟಿದ ಕೂದಲ ಉಂಡೆಯನ್ನು ಮುಳ್ಳಿನ ಹಲಗೆಯ ಮೇಲೆ ಎಳೆದು ಎಳೆದು ಬಿಡಿಸಿ, ಬುಡ ತುದಿ ಹೊಂದಿಸಿ, ಕಪ್ಪು ದಾರದಲ್ಲಿ ಹೆಣೆದಳೆಂದರೆ ಉದ್ದನೆಯ ಜಡೆ ಸಿದ್ಧ. ನಮ್ಮತ್ತೆಯ ತಲೆಯಲ್ಲಿ ಕೂದಲು ತೆಳ್ಳಗಾದಾಗ, ಅವರದೇ ಉದುರಿದ ಕೂದಲಲ್ಲಿ ನಮ್ಮ ಜಗಲಿಯಲ್ಲೇ ಕೂತು ಒಂದು ಚವುರಿ ಕಟ್ಟಿಕೊಟ್ಟಿದ್ದಳು. ಅವಳು ಹೆಣೆಯುವಾಗ ಪುಟ್ಟ ಹೆಣ್ಣುಮಕ್ಕಳು ಸುತ್ತ ಕೂರುತ್ತಿದ್ದವು. ಯಾವ ತಾಯಿಯೂ ಅವುಗಳನ್ನು ಎಳೆದುಕೊಂಡು ಹೋದದ್ದನ್ನು ನಾನು ನೋಡಿರಲಿಲ್ಲ.

ಹಾಗಿರುವಾಗ ಒಂದು ವರ್ಷ ಫೋನುಗಳಲ್ಲಿ ಒಂದು ದನಿ ಬರತೊಡಗಿತು. ಯಾವಳೋ ಹೆಂಗಸು ಬಿಕ್ಕುತ್ತಾ ಮಾತಾಡುತ್ತಿದ್ದಳು. ಮಕ್ಕಳ ಕಳ್ಳರು ಬಂದಿದ್ದಾರೆ, ವ್ಯಾಪಾರದವರ ವೇಷದಲ್ಲಿ ತಿರುಗುತ್ತಾರೆ, ನಮ್ಮ ಪಕ್ಕದೂರಲ್ಲೇ ನಿನ್ನೆ ಒಂದು ಮಗು ಹೋಯಿತು, ದಯವಿಟ್ಟು ಎಲ್ಲರಿಗೂ ಕಳಿಸಿ, ಎಂದು. ಊರಿನ ಹೆಸರು ಹೇಳುತ್ತಿರಲಿಲ್ಲ. ಪಕ್ಕದೂರು ಅಂದದ್ದರಿಂದ, ಕೇಳಿದವರಿಗೆಲ್ಲ ಅದು ಅವರವರ ಪಕ್ಕದೂರೇ ಆಯಿತು. ನಾವು ಯಳಂದೂರು ಅಂದುಕೊಂಡೆವು. ಯಳಂದೂರಿನಿಂದ ನನ್ನ ಅವ್ವ ಫೋನು ಮಾಡಿ, ಕೊಳ್ಳೇಗಾಲದ ಹತ್ತಿರವಂತೆ, ಮಿಲ್ಲಿನಲ್ಲಿ ಹುಷಾರಾಗಿರು ಎಂದಳು. ಆಮೇಲೆ ಚಿತ್ರಗಳು ಬಂದವು. ನೋಡಬಾರದಂಥ ಚಿತ್ರಗಳು. ಯಾವ ದೇಶದವೋ, ಯಾವ ಕಾಲದವೋ. ಅವನ್ನು ನೋಡಿದ ಮೇಲೆ ಅನ್ನ ಸೇರುತ್ತಿರಲಿಲ್ಲ.

ಮೊದಲು ಬದಲಾದದ್ದು ನಮ್ಮ ಬೀದಿ. ಸಂಜೆ ಹೊತ್ತಿನಲ್ಲಿ ಲಗೋರಿ ಆಡುತ್ತಿದ್ದ ಮಕ್ಕಳು ಕಾಣದಾದವು. ಊರ ತಿರುವಿನಲ್ಲಿ ಹುಡುಗರು ದೊಣ್ಣೆ ಹಿಡಿದು ಕೂರತೊಡಗಿದರು. ಬೆಡ್‌ಶೀಟ್ ಮಾರುವವನೊಬ್ಬನನ್ನು ನಿಲ್ಲಿಸಿ ಆಧಾರ್ ಕೇಳಿದರು. ಅವನು ತೋರಿಸಿದ. ಅದರಲ್ಲಿದ್ದ ಊರು ಯಾರಿಗೂ ಗೊತ್ತಿಲ್ಲದ್ದು. ಅಷ್ಟಕ್ಕೇ ಅವನನ್ನು ವಾಪಸ್ಸು ಅಟ್ಟಿದರು.

ಕಮ್ಮಾರ ಗಂಡ ಹೆಂಡತಿ ಎಂದಿನಂತೆ ಬಂದು ಮರದ ಕೆಳಗೆ ಕುಲುಮೆ ಹೂಡಿದರು. ಮೊದಲ ದಿನ ಒಬ್ಬರೂ ಮಚ್ಚು ಕೇಳಲು ಹೋಗಲಿಲ್ಲ. ಎರಡನೆಯ ದಿನ ನಾಲ್ಕೈದು ಹುಡುಗರು ಹೋಗಿ ಸುತ್ತ ನಿಂತು ಫೋನಿನಲ್ಲಿ ವಿಡಿಯೋ ತೆಗೆಯತೊಡಗಿದರು. ಗಂಡ ತಲೆ ಎತ್ತದೆ ಕೆಲಸ ಮಾಡುತ್ತಿದ್ದ. ಹೆಂಡತಿ ಸುತ್ತಿಗೆ ಎತ್ತುವುದನ್ನು ನಿಲ್ಲಿಸಿ, ಅದನ್ನು ನೆಲಕ್ಕೂರಿ, ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಗಂಡನಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ಇಬ್ಬರೂ ಸಾಮಾನು ಟೆಂಪೋಗೆ ಏರಿಸಿದರು. ಅವರು ಹೋದ ಮೇಲೂ ಕುಲುಮೆಯ ಕುಣಿಯಲ್ಲಿ ಕೆಂಡ ಇತ್ತು. ನಮ್ಮತ್ತೆ ಒಂದು ಬಿಂದಿಗೆ ನೀರು ತಂದು ಸುರಿದರು. ಕೂದಲಮ್ಮನ ಫೋನ್ ನಂಬರ್ ಇದೆಯಾ ಎಂದು ನನ್ನನ್ನು ಕೇಳಿದರು. ಇರಲಿಲ್ಲ. ಅವಳ ಹತ್ತಿರ ಬಟನ್ ಫೋನೊಂದು ಇದ್ದದ್ದು ನಿಜ, ಆದರೆ ನಂಬರ್ ತೆಗೆದುಕೊಳ್ಳಬೇಕೆಂದು ನಮಗೆ ಯಾವತ್ತೂ ಅನಿಸಿರಲಿಲ್ಲ. ಅವಳು ಬಂದೇ ಬರುತ್ತಿದ್ದಳಲ್ಲ.

ಅವಳು ಬಂದದ್ದು ಒಂದು ಬೆಳಿಗ್ಗೆ, ತಿಂಡಿ ಹೊತ್ತು ಮುಗಿದ ಮೇಲೆ. ತಿರುವಿನಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ. ಹುಡುಗರೆಲ್ಲ ಹತ್ತಿರದ ಗದ್ದೆಯಲ್ಲಿ ಕಬ್ಬು ತುಂಬಲು ಹೋಗಿದ್ದರು. ಯಳಂದೂರು ಕಡೆ ತಿರುಗಿಕೊಂಡು ಬಂದಿದ್ದರಿಂದ ಅವಳ ಬೆನ್ನ ಮೇಲಿನ ಚೀಲ ಉಬ್ಬಿತ್ತು. ನಮ್ಮತ್ತೆ ಅವಳನ್ನು ನೋಡಿದ್ದೇ ಎದ್ದು ನಿಂತರು. ಕೂರಿಸಲಿಲ್ಲ. ಫೋನಿನ ವಿಷಯ, ಕಮ್ಮಾರರ ವಿಷಯ ಎಲ್ಲ ಹೇಳಿ, ಬಂದ ದಾರಿಯಲ್ಲೇ ಹೋಗಿ ಬಸ್ಸು ಹತ್ತು ಎಂದರು. ಕೂದಲಮ್ಮ ಅದನ್ನೆಲ್ಲ ಕೇಳಿಸಿಕೊಂಡು, ಈ ಊರಿನ ಸೊಸೆಯರ ಕೂದಲನ್ನೆಲ್ಲ ತಾನು ನೋಡಿದ್ದೇನೆ, ತನ್ನನ್ನು ಯಾರು ಏನು ಮಾಡುತ್ತಾರೆ ಎಂದಳು. ನೀರು ಕುಡಿದು, ಎರಡು ಬೀದಿ ತಿರುಗಿ ಬರುತ್ತೇನೆಂದು ಹೊರಟೇ ಬಿಟ್ಟಳು. "ಕೂದ್ಲು, ಕೂದ್ಲೇ" ಎಂಬ ಅವಳ ಕೂಗು ಒಳಗಿನ ಬೀದಿಯಲ್ಲಿ ಕೇಳಿಸಿತು. ಆಮೇಲೆ ಮಿಲ್ಲಿಗೆ ರಾಗಿ ಬಂತು. ಯಂತ್ರದ ಸದ್ದಿನಲ್ಲಿ ನನಗೆ ಬೇರೇನೂ ಕೇಳಲಿಲ್ಲ.

ಯಂತ್ರ ನಿಲ್ಲಿಸಿದಾಗ ಕೇಳಿದ್ದು ಒಬ್ಬ ತಾಯಿಯ ಅರಚಾಟ. ಹಿಂದಿನ ಬೀದಿಯ ಹೆಂಗಸು, ನಮ್ಮ ಮಿಲ್ಲಿಗೆ ವಾರವಾರ ಬರುವವಳು. ಅವಳ ನಾಲ್ಕು ವರ್ಷದ ಹೆಣ್ಣುಮಗು ಕಾಣುತ್ತಿರಲಿಲ್ಲ. ಬಾಗಿಲಲ್ಲಿ ಆಡುತ್ತಿತ್ತು, ಕೂದಲಮ್ಮ ಬಂದು ಹೋದಳು, ಆಮೇಲೆ ಮಗು ಇಲ್ಲ. ಇಷ್ಟು ಸಾಕಾಗಿತ್ತು. ಕೂದಲಮ್ಮ ನಮ್ಮ ಜಗಲಿಗೆ ವಾಪಸ್ಸು ಬಂದು ಚೀಲ ಇಳಿಸುತ್ತಿದ್ದಳು. ಅವಳ ಹಿಂದೆ ಬೀದಿಯ ಆ ತುದಿಯಲ್ಲಿ ಜನ ಕಾಣಿಸಿದರು. ಅವರು ಓಡುತ್ತಿರಲಿಲ್ಲ, ಬೇಗಬೇಗ ನಡೆಯುತ್ತಿದ್ದರು. ಮುಂದೆ ಇದ್ದವರ ಕೈಯಲ್ಲಿ ಕಬ್ಬಿನ ಗದ್ದೆಯಿಂದ ಬಂದ ಮಚ್ಚು ಹಾಗೇ ಇತ್ತು.

ನಾನು ಯೋಚನೆ ಮಾಡಲಿಲ್ಲ. ಕೂದಲಮ್ಮನ ರಟ್ಟೆ ಹಿಡಿದು ಮಿಲ್ಲಿನೊಳಕ್ಕೆ ಎಳೆದುಕೊಂಡೆ. ನಮ್ಮತ್ತೆ ಹೊರಗಿನಿಂದ ಶಟರ್ ಎಳೆದರು, ನಾನು ಒಳಗಿನಿಂದ ಚಿಲಕ ಹಾಕಿದೆ. ನಮ್ಮತ್ತೆ ಶಟರಿಗೆ ಬೆನ್ನು ಕೊಟ್ಟು ಹೊಸ್ತಿಲಲ್ಲಿ ಕೂತದ್ದು ತಗಡಿನ ಸದ್ದಿನಿಂದಲೇ ಗೊತ್ತಾಯಿತು. ಚೀಲ ಹೊರಗೇ ಉಳಿಯಿತು.

ಒಳಗೆ ಹಿಟ್ಟಿನ ಧೂಳು ಇನ್ನೂ ಇಳಿದಿರಲಿಲ್ಲ. ಪಕ್ಕದ ಗೋಡೆಯಲ್ಲಿ ಸರಳಿನ ಕಿಟಕಿಯೊಂದಿತ್ತು, ಅದರಿಂದ ಬೀಳುವ ಬೆಳಕು ಅಷ್ಟೇ. ಕೂದಲಮ್ಮ ಯಂತ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಏನಾಯ್ತು ಎಂದು ಕೇಳಲಿಲ್ಲ. ಹೊರಗಿನ ಮಾತುಗಳು ಅವಳಿಗೂ ಕೇಳುತ್ತಿದ್ದವು.

"ಅವ್ಳನ್ನ ಈಚ್ಗೆ ಕಳ್ಸಮ್ಮೋ" ಎಂದಿತು ಒಂದು ಗಂಡು ದನಿ. ಅದು ಊರಲ್ಲಿ ಕಬ್ಬು ಬೆಳೆಯುವ ಯಜಮಾನನೊಬ್ಬನದು, ನಮಗೆ ದೂರದ ನೆಂಟನೂ ಹೌದು.

"ಅವ್ಳು ಒಳ್ಗವ್ಳೆ, ಎಲ್ಗೂ ಓಗಲ್ಲ" ಎಂದರು ನಮ್ಮತ್ತೆ. "ಮೊದ್ಲು ಓಗಿ ಮಗೀನ ಉಡ್ಕಿ. ಪೋಲೀಸ್ನೋರ್ಗೆ ಪೋನ್ ಮಾಡಿ. ಇಲ್ಲಿ ನಿಂತ್ಕಂಡು ಏನ್ ಮಾಡೀರಿ?"

ಯಾರೂ ಕದಲಲಿಲ್ಲ. ಒಬ್ಬ ಶಟರಿಗೆ ಕಾಲಲ್ಲಿ ಒದ್ದ. ಆಮೇಲೆ ಯಾರಿಗೋ ಚೀಲ ಕಂಡಿತು. ಅದನ್ನು ಹರಿದರು. ಕಿಟಕಿಯ ಸರಳಿನಿಂದ ನಾನು ನೋಡಿದೆ, ಚೀಲದಿಂದ ಕೂದಲು ಹೊರಗೆ ಬಂತು. ಉಂಡೆ ಉಂಡೆಯಾಗಿ, ಕಪ್ಪು, ಕಂದು, ನರೆತದ್ದು. ಗಾಳಿಗೆ ಉರುಳಿಕೊಂಡು ರಸ್ತೆಗೆ ಹೋಯಿತು, ಜನರ ಕಾಲಿಗೆ ಸುತ್ತಿಕೊಂಡಿತು. ಅದರಲ್ಲಿ ಒಂದು ಸಣ್ಣ ಉಂಡೆಯನ್ನು ಒಬ್ಬ ಎತ್ತಿ ಹಿಡಿದು, ಇದು ಮಗುವಿನ ಕೂದಲು ಅಲ್ಲವಾ ಎಂದ. ಮೆತ್ತಗಿದೆ, ಸಣ್ಣಗಿದೆ ಎಂದ. ಅಲ್ಲಿದ್ದ ಕೂದಲಲ್ಲಿ ಅವನ ಹೆಂಡತಿಯದೂ ಇತ್ತು, ಅವನ ತಾಯಿಯದೂ ಇತ್ತು. ಆ ಬೆಳಿಗ್ಗೆಯೇ ಅವರು ಕೊಟ್ಟಿದ್ದರು. ಹೆಂಗಸರು ಹಿಂದೆ ನಿಂತಿದ್ದರು. ಒಬ್ಬಳೂ ಬಾಯಿ ಬಿಡಲಿಲ್ಲ. ಮಗು ಕಳೆದುಕೊಂಡ ತಾಯಿ ಆ ಉಂಡೆಯನ್ನು ಅವನ ಕೈಯಿಂದ ಕಿತ್ತುಕೊಂಡು ಮೂಸಿ ನೋಡಿ ನೆಲಕ್ಕೆ ಕುಸಿದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಹೊತ್ತಿನಲ್ಲಿ ಅವಳಿಗೆ ಏನು ತೋರಿಸಿದ್ದರೂ ಅದು ತನ್ನ ಮಗುವಿನದೇ ಅನಿಸುತ್ತಿತ್ತು.

ಹುಡುಗನೊಬ್ಬ ಕಿಟಕಿಯ ಹತ್ತಿರ ಬಂದು ಸರಳುಗಳ ನಡುವೆ ಫೋನು ತೂರಿಸಿದ. ನಾನು ಅಡ್ಡ ಬರುವಷ್ಟರಲ್ಲಿ ಫೋಟೋ ತೆಗೆದಾಗಿತ್ತು. ಮುಖದ ಮೇಲೆಲ್ಲ ಹಿಟ್ಟು, ಬೆಳಕಿಗೆ ಕಿರಿದಾದ ಕಣ್ಣು, ಯಂತ್ರದ ನೆರಳಲ್ಲಿ ಕುಕ್ಕರಿಸಿ ಕೂತ ಮುದುಕಿ. ಅವನು ಅದನ್ನು ನೋಡಿಕೊಂಡು, "ಇವ್ಳೇ ಕಣ್ಲಾ" ಎಂದು ಪಕ್ಕದವನಿಗೆ ತೋರಿಸಿದ. ಅದಕ್ಕೆ ಮುಂಚೆ ಅವನೂ ಅವಳನ್ನು ನೂರು ಸಲ ನೋಡಿದ್ದವನೇ.

ಎಷ್ಟು ಹೊತ್ತಾಯಿತೋ ಹೇಳಲಾರೆ. ಶಟರಿಗೆ ಮತ್ತೆ ಮತ್ತೆ ಏಟು ಬಿತ್ತು. ಪ್ರತಿ ಏಟಿಗೂ ಕೂದಲಮ್ಮ ಕಣ್ಣು ಮುಚ್ಚಿ ತೆಗೆಯುತ್ತಿದ್ದಳು. ಚಿಲಕದ ಸ್ಕ್ರೂ ಸಡಿಲವಾಗಿ ಹೊರಗೆ ಬರುತ್ತಿರುವುದು ನನಗೆ ಕಾಣುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಂತಿದ್ದೆ. ಅದರಿಂದ ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ ಹಿಡಿದಿದ್ದೆ.

ಆಮೇಲೆ ದೂರದಿಂದ ಯಾರೋ ಕೂಗಿದರು. ಮಗು ಸಿಕ್ಕಿತ್ತು.

ಸಿಕ್ಕಿದ್ದು ಕಬ್ಬಿನ ಗದ್ದೆಯಲ್ಲಿ. ಕಬ್ಬು ತಿನ್ನಲು ಆಸೆಪಟ್ಟು ಟ್ರೇಲರಿನ ಹಿಂದೆ ಹೋಗಿದ್ದ ಮಗು, ಕಟಾವು ಮುಗಿದ ಗದ್ದೆಯಲ್ಲಿ ಗುಡ್ಡೆ ಹಾಕಿದ್ದ ಒಣ ತರಗಿನ ಮೇಲೆ ಮಲಗಿ ನಿದ್ದೆ ಹೋಗಿತ್ತು. ಹೊರ ಊರಿನಿಂದ ಬಂದ ಕಬ್ಬು ಕಡಿಯುವ ಹೆಂಗಸೊಬ್ಬಳು ಗುಡ್ಡೆಯ ನೆರಳಿಗೆಂದು ಅಲ್ಲಿಗೆ ಹೋದಾಗ ಮಗುವನ್ನು ಕಂಡಳಂತೆ. ಆದರೆ ಅವಳು ಎತ್ತಿಕೊಳ್ಳಲಿಲ್ಲ. ತಾನೂ ಬೇರೆ ಊರಿನವಳು, ಮಗುವನ್ನು ಎತ್ತಿಕೊಂಡು ನಡೆದರೆ ನೋಡಿದವರು ಏನಂದುಕೊಂಡಾರು ಎಂದು ಹೆದರಿ, ದೂರದಲ್ಲೇ ನಿಂತು ಕೂಗಿ ಕರೆದಳು. ಆ ಗದ್ದೆ ನಮ್ಮ ಶಟರಿನ ಮುಂದೆ ನಿಂತಿದ್ದ ಯಜಮಾನನದೇ. ಅವತ್ತು ಮಧ್ಯಾಹ್ನ ತರಗಿಗೆ ಬೆಂಕಿ ಹಾಕಲು ಹೊರಟವನು, ಗಲಾಟೆ ಕೇಳಿ ಊರೊಳಕ್ಕೆ ಬಂದಿದ್ದ. ಬೆಂಕಿಪೊಟ್ಟಣ ಅವನ ಅಂಗಿಯ ಜೇಬಿನಲ್ಲೇ ಇತ್ತು. ಇದು ಗೊತ್ತಾದಾಗ ಅವನು ನಮ್ಮ ಜಗಲಿಯ ತುದಿಯಲ್ಲಿ ಕೂತುಬಿಟ್ಟ.

ಮಗು ಸಿಕ್ಕಿದ ಮೇಲೆ ಜನ ಹೋಗುತ್ತಾರೆ ಅಂದುಕೊಂಡಿದ್ದೆ. ಹೋಗಲಿಲ್ಲ. ಮಗು ಸಿಕ್ಕಿದೆ ಸರಿ, ಆದರೆ ಇವಳು ಯಾಕೆ ಈ ಹೊತ್ತಿಗೇ ಬಂದಳು, ಎಂದು ಒಬ್ಬ ಕೇಳಿದ. ಮಂಪರು ಬರಿಸುವ ಪುಡಿ ಏನಾದರೂ ಹಾಕಿದ್ದಾಳೋ, ಇಲ್ಲದಿದ್ದರೆ ಮಗು ಅಲ್ಲಿ ಯಾಕೆ ಮಲಗಿತ್ತು, ಎಂದು ಇನ್ನೊಬ್ಬ. ಆ ಮಾತಿಗೆ ತಲೆದೂಗುವವರು ಇದ್ದರು. ಅದು ನನಗೆ ಶಟರಿನ ಏಟಿಗಿಂತ ಹೆಚ್ಚು ಹೆದರಿಕೆ ತಂದಿತು.

ಪೊಲೀಸ್ ಜೀಪು ಬಂದದ್ದು ಆಮೇಲೆ. ಯಾರು ಫೋನು ಮಾಡಿದ್ದರೋ ಗೊತ್ತಿಲ್ಲ. ಬಂದವರು ಜನರನ್ನು ಚೆದುರಿಸಿದರು. ಕೂದಲಮ್ಮನನ್ನು ನಾಲ್ಕು ಮಾತು ಕೇಳಿ, ಇನ್ನು ಈ ಕಡೆ ತಿರುಗಬೇಡ ಎಂದರು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ತನಕ ಬಿಡುತ್ತೇವೆ, ಜೊತೆಗೆ ಒಬ್ಬ ಹೆಣ್ಣುಮಗಳು ಬರಲಿ ಎಂದರು. ಸುತ್ತ ನಿಂತ ಹೆಂಗಸರಲ್ಲಿ ಯಾರೂ ಮುಂದೆ ಬರಲಿಲ್ಲ. ನಮ್ಮತ್ತೆ ಒಳಗೆ ಹೋಗಿ ತಮ್ಮ ಶಾಲು ತಂದು ಕೂದಲಮ್ಮನ ತಲೆಗೆ ಹೊದಿಸಿ, ನನ್ನ ಕಡೆ ನೋಡಿದರು. ನಾನು ಜೀಪು ಹತ್ತಿದೆ. ರಸ್ತೆಯ ಮೇಲಿದ್ದ ಕೂದಲಿನ ಮೇಲೇ ಜೀಪು ಹೋಯಿತು.

ಕೊಳ್ಳೇಗಾಲದಲ್ಲಿ ಇಳಿಸಿ ಅವರು ಹೋದರು. ಬಸ್ಸು ಹತ್ತಿಸಿ ಊರಿಗೆ ವಾಪಸ್ಸು ಹೋಗುವುದೆಂದು ನನ್ನ ಲೆಕ್ಕ. ಅವಳಿಗೆ ಟೀ ಕೊಡಿಸೋಣವೆಂದು ಬಸ್ ಸ್ಟ್ಯಾಂಡಿನ ಅಂಗಡಿಗೆ ಹೋದೆ. ಅವಳನ್ನು ದೂರದ ಬೆಂಚಿನಲ್ಲಿ ಕೂರಿಸಿದ್ದೆ. ಟೀ ಹಾಕುತ್ತಿದ್ದವನು ಪಕ್ಕದ ಆಟೋದವನ ಫೋನು ಬಗ್ಗಿ ನೋಡುತ್ತಿದ್ದ. ನೋಡಮ್ಮ, ಕುಂತೂರು ಕಡೆ ಮಕ್ಕಳ ಕಳ್ಳಿ ಸಿಕ್ಕಿಬಿದ್ದಿದ್ದಾಳಂತೆ, ಎಂದು ನನಗೂ ತೋರಿಸಿದ. ನಮ್ಮ ಮಿಲ್ಲಿನ ಕಿಟಕಿಯ ಸರಳು, ಅದರ ಹಿಂದೆ ಹಿಟ್ಟು ಮೆತ್ತಿದ ಆ ಮುಖ. ಕೆಳಗೆ, ಜೊತೆಗಿದ್ದವರು ತಪ್ಪಿಸಿಕೊಂಡಿದ್ದಾರೆ, ಹನೂರು ಬೆಟ್ಟದ ಕಡೆ ಹೋಗಿರಬಹುದು, ಎಚ್ಚರ, ಎಂದು ಬರೆದಿತ್ತು.

ಟೀ ತಗೊಳ್ಳದೆ ವಾಪಸ್ಸು ಬಂದೆ. ಅವಳಿಗೆ ಫೋಟೋದ ವಿಷಯ ಹೇಳಲಿಲ್ಲ. ನಾನೂ ಜೊತೆಗೆ ಬರುತ್ತೇನೆ, ಯಾರು ಕೇಳಿದರೂ ಮಾತಾಡಬೇಡ, ನೀನು ನಮ್ಮತ್ತೆ, ಹುಷಾರಿಲ್ಲ, ಎಂದಷ್ಟೇ ಹೇಳಿದೆ. ಅವಳು ನನ್ನ ಮುಖ ನೋಡಿ ಅರ್ಥ ಮಾಡಿಕೊಂಡಳು. ಬಾವಿಕಟ್ಟೆಯಂತೆ ಕಟ್ಟಿದ್ದ ನೀರಿನ ತೊಟ್ಟಿಯಲ್ಲಿ ಅವಳ ಮುಖ ತೊಳೆಸಿ, ಹಿಟ್ಟೆಲ್ಲ ಹೋಗುವ ಹಾಗೆ ಸೆರಗಿನಲ್ಲಿ ಒರೆಸಿದೆ. ಮನೆಯವರಿಗೆ ಫೋನು ಮಾಡಿ ಹೇಳಿದೆ. ಅವರು, ಹೋಗು, ಆದರೆ ಕತ್ತಲಾದರೆ ಅಲ್ಲೇ ಉಳಿದುಕೋ ಎಂದರು.

ಬೆಟ್ಟದ ಬಸ್ಸಿನಲ್ಲಿ ಕಿಟಕಿ ಪಕ್ಕ ಅವಳನ್ನು ಕೂರಿಸಿ ಶಾಲನ್ನು ಹಣೆಯ ತನಕ ಎಳೆದೆ. ಹನೂರಿನ ತನಕ ಯಾರೂ ಏನೂ ಕೇಳಲಿಲ್ಲ. ಹನೂರಿನಲ್ಲಿ ಬಸ್ಸು ತುಂಬ ಹೊತ್ತು ನಿಂತಿತು. ಹತ್ತಿದವರಲ್ಲಿ ಇಬ್ಬರು ಗಂಡಸರು ನಮ್ಮ ಮುಂದಿನ ಸೀಟಿನಲ್ಲಿ ಕೂತರು. ಒಬ್ಬನ ಫೋನಿನಿಂದ ಆ ಬಿಕ್ಕುವ ದನಿ ಕೇಳಿಸಿತು. ಅದು ಮುಗಿದ ಮೇಲೆ ಅವರಿಬ್ಬರೂ ತಲೆ ಹತ್ತಿರ ಹತ್ತಿರ ತಂದು ಪರದೆ ನೋಡಿದರು. ಅವರಲ್ಲೊಬ್ಬ ಹಿಂದೆ ತಿರುಗಿದ. ನನ್ನನ್ನು ನೋಡಿದ. ಆಮೇಲೆ ಶಾಲಿನ ಒಳಗಿನ ಮುಖವನ್ನು ನೋಡಿದ. ಮತ್ತೆ ಫೋನು ನೋಡಿದ.

"ಯಾವೂರವ್ವ?" ಎಂದ, ನನ್ನನ್ನಲ್ಲ, ಅವಳನ್ನು.

ಕೂದಲಮ್ಮ ನನ್ನ ಹೆಗಲಿಗೆ ತಲೆ ಒರಗಿಸಿ ಸಣ್ಣಗೆ ನರಳಿದಳು. ಅವಳ ಮೈ ಬಿಸಿಯಾಗಿತ್ತು. ನರಳಿಕೆ ನಟನೆಯೋ ನಿಜವೋ ನನಗೂ ತಿಳಿಯಲಿಲ್ಲ.

"ನಮ್ಮತ್ತೆ ಕಣಣ್ಣ" ಎಂದೆ. "ಜ್ವರ. ನಮ್ ನಾದ್ನಿ ಮನೆಗ್ ಕರ್ಕಂಡ್ ಓಯ್ತಿವ್ನಿ."

"ಯಾವೂರ್ಗೆ ಕೊಟ್ಟಿದೀರಿ ನಾದ್ನೀನ?"

ನನ್ನ ಬಾಯಿಗೆ ಬಂದದ್ದು ಗೋಪಿನಾಥಂ. ಅಲ್ಲಿಗೆ ಹೋಗುವ ಬಸ್ಸು ಕಡಿಮೆ, ಅಲ್ಲಿಯ ಜನರ ಪರಿಚಯ ಇವನಿಗೆ ಇರಲಾರದು ಅನಿಸಿತು. ಅಷ್ಟು ದೂರ ಕೊಟ್ಟಿದ್ದೀರಾ ಎಂದ. ಹೌದು ಎಂದೆ. ಜ್ವರದವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಬಿಟ್ಟು ಕಾಡಿಗೆ ಕರೆದುಕೊಂಡು ಹೋಗುತ್ತೀರಲ್ಲ ಎಂದ. ಮಗಳನ್ನು ನೋಡಬೇಕು ಅಂತ ಹಟ ಎಂದೆ. ಅವನು ಮುಂದೆ ತಿರುಗಿದ. ಪಕ್ಕದವನಿಗೆ ಏನೋ ಹೇಳಿದ. ಬಸ್ಸಿನಲ್ಲಿ ಇನ್ನೂ ಕೆಲವರು ನಮ್ಮ ಕಡೆ ನೋಡತೊಡಗಿದರು. ನನ್ನ ಕೈಯೊಳಗೆ ಅವಳ ಕೈ ಇತ್ತು. ಬೆರಳ ತುದಿಗಳು ಗಟ್ಟಿ, ಕೂದಲೆಳೆ ಎಳೆದೆಳೆದು ಗೀರು ಬಿದ್ದಿದ್ದವು. ಶಾಲಿನ ಮರೆಯಲ್ಲಿ ನನ್ನ ಕೈಯನ್ನು ಅವಳು ನೋಯುವಷ್ಟು ಹಿಡಿದಿದ್ದಳು.

ಕೌದಳ್ಳಿಯಲ್ಲಿ ಅವರಿಬ್ಬರೂ ಇಳಿದರು. ಬಸ್ಸು ಹೊರಡುವಾಗ ನನ್ನನ್ನು ಮಾತಾಡಿಸಿದವನು ಕೆಳಗೆ ನಿಂತು ಫೋನು ಎತ್ತಿ ನಮ್ಮ ಕಿಟಕಿಯ ಕಡೆ ಹಿಡಿದಿದ್ದ.

ಅಲ್ಲಿಂದಾಚೆ ಕಾಡು. ಬಸ್ಸು ಒಂದೊಂದು ತಿರುವು ತಿರುಗಿದಾಗಲೂ ಮುಂದೆ ರಸ್ತೆಗೆ ಅಡ್ಡ ಯಾರಾದರೂ ನಿಂತಿರಬಹುದೇ ಎಂದು ನೋಡುತ್ತಿದ್ದೆ. ಮುಂದಿನ ಊರಿಗೆ ಫೋನು ಮಾಡಲು ಎಷ್ಟು ಹೊತ್ತು ಬೇಕು. ಒಂದು ಕಡೆ ಬಸ್ಸು ಥಟ್ಟನೆ ನಿಂತಿತು. ಡ್ರೈವರ್ ಇಂಜಿನ್ ಆರಿಸಿದ. ಆನೆಯೊಂದು ರಸ್ತೆ ದಾಟುತ್ತಿತ್ತು. ಅದು ದಾಟಿ ಬಿದಿರ ಮೆಳೆಯೊಳಗೆ ಹೋಗುವ ತನಕ ಎಲ್ಲರೂ ಮುಂದಿನ ಸೀಟಿನ ಕಂಬಿ ಬಿಗಿಹಿಡಿದು ಕೂತಿದ್ದರು. ಅಡ್ಡ ಬಂದದ್ದು ಆನೆ ಎಂದು ನನಗೆ ಸಮಾಧಾನವಾಯಿತು. ಅಂಥ ಸಮಾಧಾನ ನನಗೆ ಹಿಂದೆಂದೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಬೆಟ್ಟದ ಮೇಲೆ ಬಸ್ಸು ಬದಲಿಸಿ ಪಾಲಾರಿಗೆ ಇಳಿದಾಗ ಬಿಸಿಲು ಗುಡ್ಡದ ತುದಿಗೆ ಹೋಗಿತ್ತು. ಸೇತುವೆ ದಾಟಿ ಸ್ವಲ್ಪ ದೂರ ನಡೆದ ಮೇಲೆ ಕೂದಲಮ್ಮ ಶಾಲನ್ನು ತಲೆಯಿಂದ ತೆಗೆದು ಮಡಿಸಿ ನನ್ನ ಕೈಗೆ ಕೊಟ್ಟಳು. ನಮ್ಮೂರು ಬಿಟ್ಟ ಮೇಲೆ ಮೊದಲ ಸಲ ಬಾಯಿಬಿಟ್ಟು ಮಾತಾಡಿದಳು. ನನ್ನ ಬಗ್ಗೆಯೋ ತನ್ನ ಬಗ್ಗೆಯೋ ಅಲ್ಲ, ಮಗುವಿನ ಬಗ್ಗೆ.

"ಆ ಪಾಪ ನನ್ ಹಿಂದೇನೇ ವಂದುಚ್ಚು ಕಣ್ಣು" ಎಂದಳು. ಬಂದುಬಿಟ್ಟಿತ್ತು ಎಂಬುದು ಅವಳ ಮಾತಿನ ಅರ್ಥ, ಕಣ್ಣು ಅಂದದ್ದು ನನ್ನನ್ನು ಪ್ರೀತಿಯಿಂದ ಕರೆದದ್ದು. "ಅವ್ವನ್ ಹತ್ರ ಓಗು ಅಂತ ನಾನೇ ತಿರುಗ್ಸಿ ಕಳ್ಸ್ದೆ. ಅದು ಮನೇಗ್ ಓಗ್ಲಿಲ್ಲ."

ಇದನ್ನು ಅವಳು ಮಿಲ್ಲಿನ ಒಳಗೆ ಹೇಳಿದ್ದರೆ, ಹೊರಗಿನವರ ಕಿವಿಗೆ ಬಿದ್ದಿದ್ದರೆ ಏನಾಗುತ್ತಿತ್ತೆಂದು ನೆನೆದು ನಾನು ಸೇತುವೆಯ ಕಡೆ ಒಮ್ಮೆ ತಿರುಗಿ ನೋಡಿದೆ. ಅವಳಿಗೂ ಅದು ಗೊತ್ತಿತ್ತು. ಅದಕ್ಕೇ ಅಷ್ಟು ಹೊತ್ತೂ ಅವಳು ಅದನ್ನು ಹೇಳಿರಲಿಲ್ಲ.

ಅವಳ ಬೀದಿಯಲ್ಲಿ ಹೆಚ್ಚಿನವರು ಕೂದಲಿನವರೇ. ಮನೆಗಳ ಮುಂದೆ ಹಗ್ಗದ ಮೇಲೆ ತೊಳೆದ ಕೂದಲು ಒಣಗಲು ಹಾಕಿತ್ತು. ನಾವು ಬೀದಿಗೆ ತಿರುಗಿದಾಗ ಅವಳು ಹಿಂದೆ ಉಳಿದು ಯಾರ ಜೊತೆಯೋ ಮಾತಾಡತೊಡಗಿದಳು. ನಾನು ಒಬ್ಬಳೇ ನಾಲ್ಕು ಹೆಜ್ಜೆ ಮುಂದೆ ಹೋದೆ. ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತಿದಳು. ಯಾರು, ಯಾರನ್ನು ನೋಡಲು ಬಂದದ್ದು ಎಂದು ತಮಿಳಿನಲ್ಲಿ ಕೇಳಿದಳು. ನಾನು ಕೂದಲಮ್ಮನಿಗಾಗಿ ಹಿಂದೆ ತಿರುಗಿದೆ. ಅಂಗಳದಲ್ಲಿ ಆಡುತ್ತಿದ್ದ ಮಗುವನ್ನು ಅವಳು ತೋಳು ಹಿಡಿದು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪಕ್ಕದ ಮನೆಯ ಬಾಗಿಲೂ ಮುಚ್ಚಿತು. ಕೂದಲಮ್ಮ ಬಂದು ಬೀದಿಗೆಲ್ಲ ಕೇಳುವಂತೆ ನನ್ನ ವಿಷಯ ಹೇಳುವ ತನಕ, ಮಡಿಸಿದ ಶಾಲು ಎದೆಗೊತ್ತಿಕೊಂಡು ರಸ್ತೆಯ ನಡುವೆ ನಿಂತಿದ್ದೆ. ಫೋನಿನ ಆ ಬಿಕ್ಕುವ ದನಿ ನದಿ ದಾಟಿ, ಬೇರೆ ಭಾಷೆಯಲ್ಲಿ, ಅಲ್ಲಿಗೂ ಬಂದಿತ್ತು.

ರಾತ್ರಿ ಅವರ ಮನೆಯಲ್ಲೇ ಉಳಿದೆ. ಅವಳ ಸೊಸೆ ಮೀನು ಸಾರು ಮಾಡಿ ಹಾಕಿದಳು. ಬೆಳಗಿನ ಬಸ್ಸಿಗೆ ಹತ್ತಿಸಲು ಮಗ ಬಂದ. ಬಸ್ಸು ಹೊರಡುವ ತನಕ ಅವನು ಬಸ್ಸಿನಿಂದ ದೂರದಲ್ಲಿ, ಸೇತುವೆಯ ತಮಿಳುನಾಡಿನ ಕಡೆಯೇ ನಿಂತಿದ್ದ.

ಊರಿಗೆ ಬಂದಾಗ ಶಟರಿನ ಮೇಲೆ ತಗ್ಗುಗಳು ಕಂಡವು. ರಸ್ತೆಯಲ್ಲಿ ಕೂದಲು ಇರಲಿಲ್ಲ, ನಮ್ಮತ್ತೆ ಗುಡಿಸಿ ಮಣ್ಣು ಮಾಡಿದ್ದರು. ಆ ವಾರ ಮಿಲ್ಲಿಗೆ ಜನ ಕಡಿಮೆ ಬಂದರು. ಆಮೇಲೆ ಎಂದಿನಂತೆ ಬಂದರು. ಆ ಮಗುವಿನ ತಾಯಿ ಒಂದು ದಿನ ರಾಗಿ ತಂದು, ಹಿಟ್ಟಾದ ಮೇಲೂ ಹೋಗದೆ ಕೂತಿದ್ದಳು. ಆ ಅಮ್ಮ ಮನೆ ಸೇರಿದರಾ ಎಂದು ಕೊನೆಗೆ ಕೇಳಿದಳು. ಸೇರಿದರು ಎಂದೆ. ತನ್ನ ಮಗು ಈಗ ನಿದ್ದೆಯಲ್ಲಿ ಬೆಚ್ಚಿ ಏಳುತ್ತದೆ, ಎಲ್ಲರೂ ಅದನ್ನು ಹಿಡಿದು, ಕೂದಲಮ್ಮ ಏನು ಮಾಡಿದಳು, ಎಲ್ಲಿ ಮುಟ್ಟಿದಳು ಎಂದು ಕೇಳಿ ಕೇಳಿ ಹೆದರಿಸಿದ್ದಾರೆ ಎಂದಳು. ಯಜಮಾನ ಆ ತರಗಿಗೆ ಬೆಂಕಿ ಹಾಕಲೇ ಇಲ್ಲ. ಅದು ಅಲ್ಲೇ ಕೊಳೆಯಿತು. ಫೋಟೋ ತೆಗೆದವನು ಮಾತ್ರ ಅದನ್ನು ಅಳಿಸಿದ್ದೇನೆಂದು ನಮ್ಮತ್ತೆಗೆ ಹೇಳಿದ. ಅವನ ಫೋನಿನಿಂದ ಅಳಿಸಿದ್ದು ನಿಜವಿರಬಹುದು. ಎರಡು ವರ್ಷದ ಮೇಲೆ ನನ್ನ ಚಿಕ್ಕಮ್ಮನ ಮಗಳು ಅದೇ ಫೋಟೋ ನನಗೆ ಕಳಿಸಿದಳು. ಯಾವುದೋ ದೂರದ ಜಿಲ್ಲೆಯ ಹೆಸರು ಹಾಕಿತ್ತು.

ಹನೂರಿಗೆ ಒಂದು ಮದುವೆಗೆ ಹೋದಾಗ ಕೂದಲಮ್ಮನನ್ನು ಮತ್ತೆ ನೋಡಿದೆ. ಬಸ್ ಸ್ಟ್ಯಾಂಡಿನ ಹತ್ತಿರ ಟಾರ್ಪಾಲು ಹಾಸಿ ಪಿನ್ನು, ಬಾಚಣಿಗೆ ಹರಡಿಕೊಂಡು ಕೂತಿದ್ದಳು. ಊರೂರು ತಿರುಗುವುದನ್ನು ಬಿಟ್ಟಿದ್ದಳು. ಕೂದಲನ್ನು ಈಗ ಮಗ ಏಜೆಂಟರಿಂದ ತರುತ್ತಾನಂತೆ. ನಮ್ಮತ್ತೆ ತೀರಿಕೊಂಡದ್ದನ್ನು ಹೇಳಿದೆ. ಸೆರಗು ಬಾಯಿಗೆ ಇಟ್ಟುಕೊಂಡಳು. ಫೋಟೋದ ವಿಷಯ ಹೇಳುವುದೋ ಬೇಡವೋ ಎಂದು ನಾನು ಅನುಮಾನಿಸುತ್ತಿರುವಾಗ ಅವಳೇ ಎತ್ತಿದಳು. "ಇಲ್ಲೂ ಒಂದ್ಸಲ ಬಂದಿತ್ತಮ್ಮಾ" ಎಂದಳು. "ಪಕ್ಕದಂಗ್ಡಿಯವ್ರು ನೋಡಿ, ಇದು ನೀನಲ್ಲ ಬುಡು ಅಂದ್ರು. ನಾನೂ ಅಲ್ಲ ಅಂದ್ಬುಟ್ಟೆ." ಮಾತಾಡುವಾಗಲೂ ಅವಳ ಕಣ್ಣು ಬರುವ ಬಸ್ಸುಗಳ ಮೇಲೆ, ಇಳಿಯುವವರ ಕೈಗಳ ಮೇಲೆ ಇತ್ತು.

ಈ ಬೇಸಿಗೆಯಲ್ಲಿ ಗ್ಯಾಸ್ ಒಲೆ ರಿಪೇರಿಯವನೊಬ್ಬ ಸೈಕಲ್ಲಿನಲ್ಲಿ ನಮ್ಮೂರಿಗೆ ಬಂದ. ಹೊಸಬ, ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ನಡು ಮಧ್ಯಾಹ್ನ, ಟಾರು ಕರಗುವಷ್ಟು ಬಿಸಿಲು. ಒಳಗೆ ಬಂದು ಫ್ಯಾನಿನ ಕೆಳಗೆ ಕೂತು ಕೆಲಸ ಮಾಡಪ್ಪ ಎಂದು ಕರೆದೆ. ಬೇಡಮ್ಮ, ಇಲ್ಲೇ ಸರಿ ಎಂದ. ನಾನು ಮತ್ತೆ ಕರೆದೆ. ಅವನು ನಕ್ಕು ತಲೆಯಾಡಿಸಿದ. ನನ್ನ ಒಲೆಯನ್ನು ನಾನೇ ಹೊತ್ತು ತಂದು ಕೊಟ್ಟೆ. ನಾಲ್ಕು ಕಡೆಯಿಂದಲೂ ಎಲ್ಲರಿಗೂ ಕಾಣುವ ಹಾಗೆ, ರಸ್ತೆಯ ನಟ್ಟನಡುವೆ ಕೂತು, ಬಿಸಿಲಿಗೆ ಕಾದ ಸ್ಪ್ಯಾನರನ್ನು ಬಟ್ಟೆಯಲ್ಲಿ ಹಿಡಿದು ಒಲೆ ಬಿಚ್ಚಿದ. ತಿರುವಿನಲ್ಲಿ ಇಬ್ಬರು ಬಂದು ನಿಂತು ನೋಡುತ್ತಿದ್ದರು. ಅವನು ಒಮ್ಮೆಯೂ ಆ ಕಡೆ ತಿರುಗಲಿಲ್ಲ. ಕೆಲಸ ಮುಗಿಸಿ, ನಾನು ಕೊಟ್ಟ ನೀರನ್ನು ನಿಂತೇ ಕುಡಿದು, ಚೊಂಬನ್ನು ಜಗಲಿಯ ಅಂಚಿಗೆ ಇಟ್ಟು, ಸೈಕಲ್ ಹತ್ತದೆ ತಳ್ಳಿಕೊಂಡೇ ನಿಧಾನವಾಗಿ ಊರ ಹೊರಗೆ ಹೋದ.